ಹಿಮನಾಡಿನ ವೈದ್ಯನ ಕೊಡುಗೆ

ಯುದ್ಧ ಮುಗಿದೊಡನೆ ಹಗೆ ಮುಗಿಯುವುದಿಲ್ಲ. 1918ರಲ್ಲಿ ಯೂರೋಪಿನ ಫಿರಂಗಿಗಳು ಮೌನ ತಾಳಿದುವು. ಆದರೆ ಕ್ರೀಡಾರಂಗದಲ್ಲಿ ವೈರ ಮುಂದುವರಿದೇ ಇತ್ತು. 1920 ಹಾಗೂ 1924ರ ಒಲಿಂಪಿಕ್ ಕೂಟಗಳಿಗೆ ಜರ್ಮನಿಗೆ ಆಹ್ವಾನವೇ ಇರಲಿಲ್ಲ. ನಿನ್ನೆಯ ಶತ್ರುವಿನ ಕೈ ಕುಲುಕುವವರಾದರೂ ಯಾರು?

ಈ ಪ್ರಶ್ನೆಗೆ ಉತ್ತರವಿತ್ತವನು ಆಟಗಾರನಲ್ಲ, ವೈದ್ಯ. ಸ್ವಿಟ್ಜರ್ಲೆಂಡಿನ ದಾವೋಸ್ ಸುಮಾರು 1560 ಮೀಟರ್ ಎತ್ತರದ ಕಣಿವೆಯ ಊರು. 1849ರ ಜರ್ಮನ್ ದಂಗೆ ವಿಫಲವಾದಾಗ ತಲೆಮರೆಸಿಕೊಂಡು ಸ್ವಿಟ್ಜರ್ಲೆಂಡಿಗೆ ಓಡಿಬಂದ ಅಲೆಕ್ಸಾಂಡರ್ ಸ್ಪೆಂಗ್ಲರ್ ಎಂಬ ತರುಣ ವೈದ್ಯವಿದ್ಯೆಯನ್ನು ಕಲಿತು, 1853ರಲ್ಲಿ ಈ ಕಣಿವೆಯಲ್ಲಿ ನೆಲಸಿದನು. ಇಲ್ಲಿಯವರನ್ನು ಕ್ಷಯರೋಗ ಅಷ್ಟಾಗಿ ಬಾಧಿಸದುದನ್ನು ಕಂಡು, ಗಿರಿಯ ಗಾಳಿಯೇ ಚಿಕಿತ್ಸೆಯೆಂದು ಸಾರಿದನು. ದಾವೋಸ್ ಕ್ಷಯರೋಗಿಗಳ ಆಶಾಧಾಮವಾಯಿತು. ಅವನ ಮಗ ಕಾರ್ಲ್ ಸ್ಪೆಂಗ್ಲರ್ ಕೂಡ ವೈದ್ಯನೇ. ಯುದ್ಧವಿಟ್ಟುಹೋದ ವ್ರಣಕ್ಕೆ ಔಷಧವಾಗಿ ಅವನು 1923ರಲ್ಲಿ ಒಂದು ಪಾರಿತೋಷಕವನ್ನು ಕೊಟ್ಟನು. ಅದೇ ಸ್ಪೆಂಗ್ಲರ್ ಕಪ್. ಸೋತ ಗೆದ್ದ ದೇಶಗಳ ತಂಡಗಳೆರಡೂ ಒಂದೇ ಮಂಜಿನ ಮೇಲೆ ಕೂಡಿ ಆಡಲೆಂಬುದೇ ಅವನ ಹಂಬಲ.

ಐಸ್ ಹಾಕಿ ನಮ್ಮ ಹಾಕಿಯ ದಾಯಾದಿಯಾದರೂ ಅದರ ಗತಿಯೇ ಬೇರೆ. ಹೆಪ್ಪುಗಟ್ಟಿದ ಅಂಗಳ, ಕಾಲಿಗೆ ಉಕ್ಕಿನ ಅಲಗಿನ ಪಾದರಕ್ಷೆ, ಚೆಂಡಿಗೆ ಬದಲಾಗಿ ರಬ್ಬರಿನ ಚಪ್ಪಟೆ ಬಿಲ್ಲೆ. ಪಕ್ಷಕ್ಕೆ ಆರು ಜನ. ಇಪ್ಪತ್ತು ನಿಮಿಷಗಳ ಮೂರು ಅವಧಿ. ಕ್ರಿಸ್ಮಸ್ ಕಳೆದ ಮರುದಿನ ಆರಂಭವಾಗಿ ವರ್ಷದ ಕೊನೆಯ ದಿನ ಮುಗಿಯುವುದು ಈ ಕೂಟದ ಸಂಪ್ರದಾಯ. 1979ರಲ್ಲಿ ಛಾವಣಿಯ ಕ್ರೀಡಾಂಗಣ ಸಿದ್ಧವಾಗುವವರೆಗೂ ಆಟ ನಡೆದುದು ಬಯಲಿನಲ್ಲಿ, ಹಿಮದ ನಡುವೆ.

ಮೊದಲ ವರ್ಷ ಕಪ್ ಗೆದ್ದುದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ತಂಡ. 1924ರಲ್ಲಿ, ಒಲಿಂಪಿಕ್ಸ್ ಬಾಗಿಲು ಜರ್ಮನಿಗೆ ಮುಚ್ಚಿದ್ದ ಅದೇ ವರ್ಷ, ಗೆಲುವು ಬರ್ಲಿನ್ ತಂಡದ್ದಾಯಿತು. 1925ರಲ್ಲಿ ಮತ್ತೆ ಆಕ್ಸ್‌ಫರ್ಡಿನದು. ವೈದ್ಯನ ಔಷಧ ಫಲಿಸತೊಡಗಿತ್ತು.

ಆದರೆ ಕಾಲದ ಕಾಯಿಲೆಗಳೆಲ್ಲಕ್ಕೂ ಒಂದೇ ಔಷಧ ಸಾಲದು. 1939ರಲ್ಲಿ ಯುದ್ಧ ಮತ್ತೆ ಹೊತ್ತಿಕೊಂಡಾಗ ಕೂಟ ನಿಂತಿತು. ಮುಂದೆ 1946ರಿಂದ ಮೂರು ವರ್ಷ ಪ್ರಾಗ್ ನಗರದ ಎಲ್‌ಟಿಸಿ ತಂಡ ಅಜೇಯವಾಗಿ ಮೆರೆಯಿತು. 1948ರ ಫೆಬ್ರವರಿಯಲ್ಲಿ ಚೆಕೊಸ್ಲೊವಾಕಿಯದಲ್ಲಿ ಕಮ್ಯೂನಿಸ್ಟರ ಆಳ್ವಿಕೆ ನೆಲೆಗೊಂಡಿತ್ತು. ಆ ಡಿಸೆಂಬರಿನಲ್ಲಿ ಕಪ್ ಗೆದ್ದ ತಂಡದ ಕೆಲವರು ತಾಯ್ನಾಡಿಗೆ ಮರಳಲೇ ಇಲ್ಲ. ಮರಳಿದವರ ಪಾಡೇನು? ಗೋಲು ಕಾಯುತ್ತಿದ್ದ ಬೊಹುಮಿಲ್ ಮೊದ್ರಿ 1950ರಲ್ಲಿ ಸೆರೆಯಾದನು. ವಿಧಿಸಿದ ಶಿಕ್ಷೆ 15 ವರ್ಷ. ಅವನೊಡನೆ ರಾಷ್ಟ್ರೀಯ ತಂಡದ ಇತರರೂ ಸೆರೆಮನೆ ಕಂಡರು.

ನೂರು ವರ್ಷ ಹಿಂದೆ ದೇಶಭ್ರಷ್ಟನೊಬ್ಬನಿಗೆ ನೆಲೆಯಿತ್ತ ನಾಡು ಅದು. ಅವನ ಮಗನಿತ್ತ ಕಪ್ಪಿಗಾಗಿ ಬಂದವರಲ್ಲಿಯೂ ಕೆಲವರು ದೇಶಭ್ರಷ್ಟರಾದರು. 2020 ಮತ್ತು 2021ರಲ್ಲಿ ಸಾಂಕ್ರಾಮಿಕ ರೋಗ ಕೂಟವನ್ನು ತಡೆಯಿತು. 2023ಕ್ಕೆ ಅದಕ್ಕೆ ಶತಮಾನ ತುಂಬಿತು. ಕ್ಷಯಕ್ಕೆ ಮದ್ದು ದೊರೆತು ದಾವೋಸಿನ ಆರೋಗ್ಯಧಾಮಗಳು ಬರಿದಾದುವು. ಹಗೆಗೆ ಮಾತ್ರ ಅಂಥ ಮದ್ದು ಇನ್ನೂ ದೊರೆತಿಲ್ಲ; ವೈದ್ಯನ ಆ ಕಪ್ಪಿನ ಅಗತ್ಯವೂ ತೀರಿಲ್ಲ.