ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಕೊಟ್ಟರೆ? – ಒಂದು ಪ್ರಶ್ನೆಯ ಬೋಧನೆ

ಅಭ್ಯಾಸ ಬೋಧನೆಗೆ ದ್ಯುತಿಸಂಶ್ಲೇಷಣೆಯ ಪಾಠವನ್ನು ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಸಮೀಕರಣ ಬರೆಯುತ್ತಾರೆ, ಎಲೆಯಲ್ಲಿ ಪಿಷ್ಟವಿದೆಯೇ ಎಂದು ಅಯೋಡಿನ್ ಹಾಕಿ ತೋರಿಸುತ್ತಾರೆ. ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತದೆ: "ಮಿಸ್, ಆ ಗ್ಯಾಸ್ ಜಾಸ್ತಿ ಕೊಟ್ರೆ ಗಿಡ ಜಾಸ್ತಿ ಬೆಳೆಯುತ್ತಾ?" ನಾನು ವೀಕ್ಷಿಸಿದ ಹಲವು ಪಾಠಗಳಲ್ಲಿ ಇದಕ್ಕೆ "ಹೌದು" ಎಂಬ ಒಂದೇ ಪದದ ಉತ್ತರ ಸಿಕ್ಕಿದೆ. ಉತ್ತರ ಸುಳ್ಳಲ್ಲ, ಆದರೆ ಅರ್ಧ. ಉಳಿದ ಅರ್ಧದಲ್ಲೇ ಪಾಠದ ತಿರುಳಿದೆ, ಒಂದು ಅಪಾಯವೂ ಇದೆ.

ಮೊದಲು "ಹೌದು" ಎನ್ನುವ ಭಾಗ. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷ ಭಾಗಕ್ಕೆ 420ಕ್ಕಿಂತ ತುಸು ಹೆಚ್ಚು. ಚಳಿಗೆಂದು ಮುಚ್ಚಿದ ಗಾಜಿನ ಮನೆಯಲ್ಲಿ ಬಿಸಿಲು ಚೆನ್ನಾಗಿದ್ದರೆ ಗಿಡಗಳೇ ಅದನ್ನು ಹೀರಿ 200ರ ಆಸುಪಾಸಿಗೆ ಇಳಿಸಿಬಿಡುತ್ತವೆ. ಆಗ ಹೊರಗಿನಿಂದ ಕೊಡಬೇಕಾಗುತ್ತದೆ. ನೆದರ್‌ಲ್ಯಾಂಡ್ಸ್‌ನ ಟೊಮೆಟೊ, ಸೌತೆ ಬೆಳೆಗಾರರು 800ರಿಂದ 1,000ದವರೆಗೆ ಏರಿಸುತ್ತಾರೆ. ಹಿಂದೆ ಬೇಸಿಗೆಯಲ್ಲೂ ಈ ಅನಿಲಕ್ಕಾಗಿಯೇ ಬಾಯ್ಲರ್ ಉರಿಸುತ್ತಿದ್ದರು. 2005ರಿಂದ ರಾಟರ್‌ಡ್ಯಾಮ್ ಬಳಿಯ ಪರ್ನಿಸ್ ತೈಲ ಶುದ್ಧೀಕರಣ ಘಟಕದ ಇಂಗಾಲದ ಡೈಆಕ್ಸೈಡ್, ಹಳೆಯ ತೈಲ ಕೊಳವೆಯ ಮೂಲಕ ಅನೇಕ ಗಾಜಿನ ಮನೆಗಳಿಗೆ ಹರಿಯುತ್ತಿದೆ. ಬೆಳಕು, ನೀರು, ಗೊಬ್ಬರ ಎಲ್ಲವೂ ಸರಿಯಿದ್ದರೆ ಇಳುವರಿ ಶೇ. 20–30ರಷ್ಟು ಹೆಚ್ಚುವುದುಂಟು.

"ಎಲ್ಲವೂ ಸರಿಯಿದ್ದರೆ" ಎಂಬ ಮಾತನ್ನು ಮಕ್ಕಳು ಗಮನಿಸುವಂತೆ ಮಾಡುವುದೇ ಕಷ್ಟದ ಕೆಲಸ. 1905ರಲ್ಲಿ ಬ್ಲ್ಯಾಕ್‌ಮನ್ ಹೇಳಿದ ಮಿತಿಕಾರಕ ಅಂಶದ ತತ್ತ್ವ ಇದು: ಅಗತ್ಯಗಳಲ್ಲಿ ಯಾವುದು ಅತಿ ಕೊರತೆಯಲ್ಲಿದೆಯೋ ಅದೇ ವೇಗವನ್ನು ನಿರ್ಧರಿಸುತ್ತದೆ. ಹತ್ತು ಜನರಿಗೆ ಸಾಕಾಗುವಷ್ಟು ಅಕ್ಕಿಯಿದ್ದು ಇಬ್ಬರಿಗಾಗುವಷ್ಟು ಸೌದೆ ಇದ್ದರೆ ಅನ್ನ ಇಬ್ಬರಿಗೇ.

ಕಳೆದ ವರ್ಷ ಒಬ್ಬ ಪ್ರಶಿಕ್ಷಣಾರ್ಥಿ ತರಗತಿಯ ಕಪಾಟಿನ ಮೇಲೆ ಎರಡು ಹುರುಳಿ ಕುಂಡಗಳನ್ನಿಟ್ಟು, ಒಂದರ ಪಕ್ಕ ಸಕ್ಕರೆ ನೀರು ಮತ್ತು ಯೀಸ್ಟ್ ಬೆರೆಸಿದ ಬಾಟಲಿ ಇಟ್ಟಿದ್ದರು. ಎರಡು ವಾರವಾದರೂ ವ್ಯತ್ಯಾಸ ಕಾಣಲಿಲ್ಲ. ಪಾಪ, ಅವರಿಗೆ ನಿರಾಸೆಯಾಗಿತ್ತು. ನನಗೆ ಅದು ಆ ಘಟಕದ ಅತ್ಯುತ್ತಮ ಸಾಮಗ್ರಿ ಎನಿಸಿತು. ಲೆಕ್ಕ ಹಾಕಿ ನೋಡೋಣ. ಕುಳಿತಿರುವ ಒಬ್ಬರು ಗಂಟೆಗೆ ಸುಮಾರು 15 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. 40 ಮಕ್ಕಳಿಗೆ 600 ಲೀಟರ್. ಕೋಣೆ 7 × 6 × 3 ಮೀಟರ್ ಇದ್ದರೆ ಗಾಳಿ 1,26,000 ಲೀಟರ್. ಕಿಟಕಿ ಮುಚ್ಚಿದ್ದು, ಮುಕ್ಕಾಲು ಪಾಲು ಸಂದಿಗಳಿಂದ ಹೊರಹೋದರೂ ಒಂದು ಗಂಟೆಯಲ್ಲಿ ಹೊರಗಿನ ಗಾಳಿಯ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಅಂದರೆ ಎರಡೂ ಕುಂಡಗಳಿಗೆ ಮಕ್ಕಳೇ ಧಾರಾಳವಾಗಿ ಕೊಡುತ್ತಿದ್ದರು. ಕೊರತೆಯಿದ್ದದ್ದು ಬೆಳಕಿನದು: ಮಧ್ಯಾಹ್ನದ ಬಯಲಲ್ಲಿ ಒಂದು ಲಕ್ಷ ಲಕ್ಸ್‌ವರೆಗೆ ಇರುವಾಗ ಕಪಾಟಿನ ಮೇಲೆ ಸಿಗುವುದು ಕೆಲವು ನೂರು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಗಣಿತದ ಅವಧಿಯನ್ನು ಕೇಳಿ ಪಡೆದರೂ ತಪ್ಪಿಲ್ಲ.

ಒಂದೇ ಅವಧಿಯಲ್ಲಿ ಕಣ್ಣಿಗೆ ಕಾಣಬೇಕೆಂದರೆ ಹೈಡ್ರಿಲ್ಲಾ ಸಾಕು. ಬೀಕರಿನ ನೀರಿನಲ್ಲಿ ಗಿಡದ ತುಂಡು ಇಟ್ಟು, ದೀಪವನ್ನು ದೂರವಿಟ್ಟು, ನಿಮಿಷಕ್ಕೆ ಎಷ್ಟು ಗುಳ್ಳೆ ಎಂದು ಎಣಿಸಿ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಗುಳ್ಳೆ ಹೆಚ್ಚುತ್ತದೆ. ಮತ್ತೆ ಮತ್ತೆ ಹಾಕುತ್ತ ಹೋದರೆ ಒಂದು ಹಂತದಲ್ಲಿ ಏರಿಕೆ ನಿಲ್ಲುತ್ತದೆ. ಆಗ ದೀಪವನ್ನು ಹತ್ತಿರ ತನ್ನಿ. ಎಣಿಕೆ ಮತ್ತೆ ಏರಿದಾಗ ಮಕ್ಕಳ ಮುಖ ನೋಡಬೇಕು! ಎಲ್‌ಇಡಿ ದೀಪವೇ ಇರಲಿ, ಇಲ್ಲದಿದ್ದರೆ ನೀರು ಬಿಸಿಯಾಗಿ ಎರಡು ಅಂಶಗಳು ಕಲಸಿಹೋಗುತ್ತವೆ. ಸೋಡಾ ತೀರ ಹೆಚ್ಚಾದರೆ ಗಿಡವೇ ಸೊರಗುತ್ತದೆ. ಪ್ರತಿ ಬದಲಾವಣೆಗೂ ಮೊದಲು ಊಹೆಯನ್ನು ಬರೆಸಿ. ಈ ಹೆಜ್ಜೆ ಪಾಠಯೋಜನೆಯಲ್ಲಿ ಇರುತ್ತದೆ, ತರಗತಿಯಲ್ಲಿ ಬಿಟ್ಟುಹೋಗುತ್ತದೆ.

ಅಪಾಯದ ಮಾತನ್ನು ಮಾತ್ರ ಮರೆಯಬಾರದು. "ಹೌದು" ಎಂದಷ್ಟೇ ಕೇಳಿಸಿಕೊಂಡ ಚುರುಕು ಹುಡುಗ ಮನೆಯ ಕೋಣೆಯಲ್ಲಿ ಗಿಡದ ಪಕ್ಕ ಅಗ್ಗಿಷ್ಟಿಕೆ ಹಚ್ಚಿಡಬಹುದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಬಣ್ಣ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಚಳಿಗೆ ಕೆಂಡ ಇಟ್ಟು ಮಲಗಿದವರು ಏಳದೆ ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಅರೆಬೆಂದ ಹೊಗೆಯಲ್ಲಿನ ಎಥಿಲೀನ್ ಗಿಡದ ಹೂವನ್ನೂ ಉದುರಿಸುತ್ತದೆ. ಇಂಗಾಲದ ಡೈಆಕ್ಸೈಡ್ ಕೂಡ 40,000 ಭಾಗ ಮುಟ್ಟಿದರೆ ಮನುಷ್ಯನಿಗೆ ಪ್ರಾಣಾಪಾಯ. ಉರಿಸುವ ಪ್ರಯೋಗ ಬೇಡ ಎಂದು ಪ್ರಶ್ನೆ ಬಂದ ದಿನವೇ, ಕಾರಣ ಸಹಿತ ಹೇಳಿ.

ಹಳ್ಳಿಯ ಶಾಲೆಗಳಲ್ಲಿ ಮುಂದಿನ ಪ್ರಶ್ನೆ "ನಮ್ಮ ಹೊಲಕ್ಕೆ?" ಎಂಬುದು. ಬಯಲಿನಲ್ಲಿ ಬಿಟ್ಟ ಅನಿಲ ಗಾಳಿಗೆ ಹೋಗುತ್ತದೆ; ನಮ್ಮ ಕಡೆಯ ಹೆಚ್ಚಿನ ಪಾಲಿಹೌಸ್‌ಗಳೂ ಪಕ್ಕ ತೆರೆದಿರುವುದರಿಂದ ಅಲ್ಲೂ ನಿಲ್ಲದು. ಜೊತೆಗೆ ರಾಗಿ, ಜೋಳ, ಕಬ್ಬು ತಮ್ಮ ಎಲೆಯೊಳಗೇ ಈ ಅನಿಲವನ್ನು ಸಾಂದ್ರಗೊಳಿಸಿಕೊಳ್ಳುವ ಸಿ4 ಸಸ್ಯಗಳು. ಹೊರಗೆ ಹೆಚ್ಚಿಸಿದರೂ ಅವುಗಳಿಗೆ ಆಗುವ ಲಾಭ ಅಲ್ಪ. ಇದು ಪ್ರೌಢಶಾಲೆಯ ಪಠ್ಯದಲ್ಲಿಲ್ಲ. ಆದರೆ ರಾಗಿ ಬೆಳೆಯುವ ಮನೆಯ ಮಗು ಕೇಳಿದಾಗ ಹೇಳಲು ಪ್ರಶಿಕ್ಷಣಾರ್ಥಿಗೆ ಇಷ್ಟು ಗೊತ್ತಿರಲಿ.