ಬಂಡೆಗಲ್ಲಿನ ಮೇಲೆ ಬಾಲ ನಿಗುರಿಸಿ ನಿಂತ ಹಕ್ಕಿ

ರಾಯಚೂರಿನ ಕೋಟೆ ಗುಡ್ಡವನ್ನು ಬಿಸಿಲೇರುವ ಮೊದಲೇ ಹತ್ತಬೇಕು. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ಗೋಡೆಯ ದೈತ್ಯ ಕಲ್ಲುಗಳನ್ನು ನೋಡಲು ಜನ ಬರುತ್ತಾರೆ. ನಾನು ಬಂದಿರುವುದು ಇಂಥ ಕಲ್ಲುಸಂದುಗಳಲ್ಲೇ ಸಂಸಾರ ಹೂಡುವ ಚಿಟ್ಟುಮಡಿವಾಳಕ್ಕಾಗಿ.

ಅಗೋ, ಬಂಡೆಯ ತುದಿಯಲ್ಲಿ ಗಂಡು. ಉದ್ದ ಸುಮಾರು 16 ಸೆಂಟಿಮೀಟರ್. ಮಿರುಗುವ ಕಪ್ಪು ಎದೆ, ನೆಟ್ಟಗೆ ನಿಗುರಿದ ಬಾಲ, ಅದರ ಬುಡದಲ್ಲಿ ಇಟ್ಟಿಗೆಗೆಂಪು. ಹಾರಿದಾಗ ಮಾತ್ರ ರೆಕ್ಕೆಯ ಬಿಳಿ ಪಟ್ಟಿ ಫಕ್ಕನೆ ಮಿಂಚುತ್ತದೆ. ಹೆಣ್ಣಿಗೆ ಆ ಬಿಳುಪಿಲ್ಲ, ಮೈಯೆಲ್ಲ ಮಣ್ಣುಬಣ್ಣ. ಅದು ಕಳ್ಳಿಯ ಬುಡದಲ್ಲಿ ಕುಪ್ಪಳಿಸುತ್ತದೆ, ನಿಲ್ಲುತ್ತದೆ, ಕತ್ತು ಓರೆ ಮಾಡಿ ನೋಡುತ್ತದೆ, ಗೆದ್ದಲೊಂದನ್ನು ಹೆಕ್ಕುತ್ತದೆ.

ಮಾನ್ವಿಯ ದಾರಿಯಲ್ಲಿ ನೋಟ ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತ. ಕೆಸರುಗದ್ದೆ ಈ ಹಕ್ಕಿಗೆ ಒಗ್ಗದು. ಗದ್ದೆ ಮುಗಿದು ಬಂಡೆಗುಡ್ಡ ಏಳುವ ಕಡೆ, ಜಾಲಿ ಮತ್ತು ಬಾರಿಗಿಡಗಳ ನಡುವೆ, ಅದರ ಸಣ್ಣ ಸಿಳ್ಳು ಮತ್ತೆ ಕೇಳಿಸುತ್ತದೆ.

ದೇವದುರ್ಗದ ಕಡೆ ಹೊರಟರೆ ಗಬ್ಬೂರಿನ ಹಳೆಯ ಗುಡಿಗಳು ಸಿಗುತ್ತವೆ. ಮುಂದೆ ಎರೆಹೊಲ, ನಡುನಡುವೆ ಕಲ್ಲುಗುಡ್ಡ. ಬೇಸಿಗೆಯ ಹೊತ್ತಿಗೆ ಬಂಡೆಯ ಬಿರುಕು, ಗೋಡೆಯ ತೂತುಗಳಲ್ಲಿ ಹುಲ್ಲಿನ ಬಟ್ಟಲುಗೂಡು ಸಿದ್ಧವಾಗುತ್ತದೆ. ಒಳಗೆ ಕೂದಲಿನ ಮೆತ್ತೆ. ಕೆಲವೊಮ್ಮೆ ಹಾವಿನ ಪೊರೆಯ ಚೂರೂ ಇರುತ್ತದೆ. ಕಾವು ಕೊಡುವುದು ಹೆಣ್ಣೊಂದೇ, ಮರಿಗಳಿಗೆ ಹುಳು ತಂದುಣಿಸುವುದು ಇಬ್ಬರೂ.

ಇದು ಅಳಿವಿನಂಚಿನ ಹಕ್ಕಿಯೇನಲ್ಲ. ಹಾಗಾಗಿಯೇ ಇದರ ಮನೆಯ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಕುರುಚಲು ಗುಡ್ಡಕ್ಕೆ ನಾವು ‘ಬಂಜರು’ ಎಂದು ಹೆಸರಿಟ್ಟಿದ್ದೇವೆ. ಆ ಹೆಸರು ಬಿದ್ದ ಮೇಲೆ ಅದನ್ನು ಕ್ವಾರಿಗೆ ಕೊಡುವುದೂ ಸಲೀಸು, ಕಸ ಸುರಿಯುವುದೂ ಸಲೀಸು. ಗದ್ದೆಯನ್ನು ಮತ್ತೆ ಮಾಡಬಹುದು; ಸೀಳಿ ಸಾಗಿಸಿದ ಬಂಡೆಗುಡ್ಡವನ್ನು ಮತ್ತೆ ಕಟ್ಟಲಾಗದು. ಗೆದ್ದಲು, ಮಿಡತೆ, ಜೀರುಂಡೆ ತಿನ್ನುವ ಈ ಹಕ್ಕಿ ಪಕ್ಕದ ಹೊಲದ ರೈತನಿಗೂ ನೆರೆಯವನೇ.

ನೋಡಬೇಕೆನ್ನುವವರು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬೆಳಗಿನ ಹೊತ್ತು ಹೋಗಿ. ನೀರು ಜೊತೆಗಿರಲಿ. ಗೂಡು ಕಂಡರೆ ದೂರದಿಂದಲೇ ನೋಡಿ. ಮಕ್ಕಳನ್ನು ಕರೆದೊಯ್ದು, ಈ ಗುಡ್ಡ ಖಾಲಿಯಿಲ್ಲ ಎಂಬುದನ್ನು ಅಲ್ಲೇ ನಿಲ್ಲಿಸಿ ತೋರಿಸಿ. ನಾಳೆ ಈ ಗುಡ್ಡಗಳ ಹಣೆಬರಹ ಬರೆಯುವವರು ಅವರೇ.