ದವಡೆ ಸರಿಯಾದರೆ ಮಾತೂ ಸರಿಹೋಗುವುದೇ?

ಬಸ್ಸಿನಲ್ಲಿ "ದೋರನಹಳ್ಳಿಗೆ ಒಂದು ಟಿಕೆಟ್ ಕೊಡ್ರಿ" ಎಂದು ಕೇಳುವುದು ನಮಗೆ ದೊಡ್ಡ ವಿಷಯವಲ್ಲ. ಆದರೆ ಕೆಳದವಡೆ ಮುಂದಕ್ಕೆ ಚಾಚಿರುವ, ಅಥವಾ ಬಾಯಿ ಮುಚ್ಚಿದರೂ ಮುಂದಿನ ಹಲ್ಲುಗಳು ಒಂದಕ್ಕೊಂದು ಕೂಡದಿರುವ ತರುಣನಿಗೆ ಅದೂ ಸಂಕೋಚದ ಸಂಗತಿಯಾಗಬಹುದು. ಕಂಡಕ್ಟರು "ಏನಂದ್ರಿ?" ಎಂದು ಎರಡು ಸಲ ಕೇಳಿದರೆ, ಮುಂದಿನ ಬಾರಿ ಆತ ಬಾಯಿ ತೆರೆಯಲೇ ಹಿಂಜರಿಯುತ್ತಾನೆ. ದವಡೆಯ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮಾತು ಸರಿಹೋಗುವುದೇ ಎಂಬುದು ಇಂಥವರ ಮನೆಯವರ ಸಹಜವಾದ ಪ್ರಶ್ನೆ.

ಉತ್ತರಕ್ಕೆ ಮೊದಲು, ಅಕ್ಷರಗಳು ಬಾಯಿಯಲ್ಲಿ ಎಲ್ಲಿ ಹುಟ್ಟುತ್ತವೆ ಎಂಬುದನ್ನು ನೋಡೋಣ. ದೋರನಹಳ್ಳಿ, ಶಹಾಪುರ, ಸುರಪುರ - ಈ ಮೂರು ಊರುಗಳ ಹೆಸರನ್ನು ಕನ್ನಡಿಯ ಮುಂದೆ ನಿಧಾನವಾಗಿ ಹೇಳಿರಿ. 'ದ' ಎನ್ನುವಾಗ ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂಬದಿಗೆ ತಾಗುತ್ತದೆ. 'ಪ' ಎನ್ನುವಾಗ ಎರಡು ತುಟಿಗಳು ಕೂಡುತ್ತವೆ. 'ಸ' ಮತ್ತು 'ಶ' ಹೇಳುವಾಗ ನಾಲಗೆಯ ಮೇಲಿನ ಕಿರಿದಾದ ಸಂದಿನಿಂದ ಉಸಿರು ಹೊರಟು ಮುಂದಿನ ಹಲ್ಲುಗಳಿಗೆ ಬಡಿಯುತ್ತದೆ. 'ಳ' ಅಕ್ಷರಕ್ಕೆ ಮಾತ್ರ ನಾಲಗೆ ಹಿಂದಕ್ಕೆ ಮಡಚಿ ಅಂಗಳವನ್ನು ಮುಟ್ಟುತ್ತದೆ.

ಹಲ್ಲು ಮತ್ತು ದವಡೆಗಳ ಜೋಡಣೆ ತಪ್ಪಿದಾಗ ಹೆಚ್ಚಾಗಿ ಕೆಡುವುದು ಸ, ಶ, ಚ, ಜ ಅಕ್ಷರಗಳು. ತುಟಿಗಳು ಸುಲಭವಾಗಿ ಕೂಡದಿದ್ದರೆ ಪ, ಬ, ಮ ಅಕ್ಷರಗಳಿಗೂ ತೊಂದರೆಯಾಗುತ್ತದೆ. ಬಾಯಿಯ ಹಿಂಭಾಗದಲ್ಲಿ ಹುಟ್ಟುವ ಕ, ಗ ಸಾಮಾನ್ಯವಾಗಿ ಕೆಡುವುದಿಲ್ಲ. ದವಡೆಯ ದೋಷವಿದ್ದೂ ಸ್ಪಷ್ಟವಾಗಿ ಮಾತನಾಡುವವರು ಅನೇಕರಿದ್ದಾರೆ. ಅವರ ನಾಲಗೆ ತನ್ನದೇ ಹಾದಿಯನ್ನು ಕಂಡುಕೊಂಡಿರುತ್ತದೆ.

ಚಿಕಿತ್ಸೆ ಸಾಮಾನ್ಯವಾಗಿ ಹಲ್ಲಿಗೆ ತಂತಿ ಕಟ್ಟುವುದರಿಂದ ಆರಂಭವಾಗುತ್ತದೆ. ಇದಕ್ಕೆ ಒಂದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ದವಡೆಯ ಬೆಳವಣಿಗೆ ಮುಗಿದ ನಂತರ ಬಾಯಿಯ ಒಳಗಿನಿಂದಲೇ ಮೂಳೆಯನ್ನು ಕತ್ತರಿಸಿ, ಸರಿಯಾದ ಸ್ಥಾನದಲ್ಲಿ ಕೂಡಿಸಿ, ಸಣ್ಣ ಟೈಟಾನಿಯಂ ಪಟ್ಟಿಗಳಿಂದ ಬಿಗಿಯುತ್ತಾರೆ. ಕೆಳದವಡೆಗೆ ಇಂದು ಬಳಸುವ ವಿಧಾನದ ಮೂಲ, 1957ರಲ್ಲಿ ಟ್ರಾನರ್ ಮತ್ತು ಒಬ್ವೆಗೇಸರ್ ಎಂಬ ವೈದ್ಯರು ಪ್ರಕಟಿಸಿದ ಕ್ರಮ.

ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಮಾತು ಮೊದಲಿಗಿಂತಲೂ ಅಸ್ಪಷ್ಟವಾಗುತ್ತದೆ. ಬಾವು ಇರುತ್ತದೆ, ಹಲ್ಲುಗಳಿಗೆ ರಬ್ಬರ್ ಬ್ಯಾಂಡ್ ಹಾಕಿರುತ್ತಾರೆ, ಕೆಳತುಟಿ ಮತ್ತು ಗದ್ದ ಜೋಮು ಹಿಡಿದಂತಿರುತ್ತವೆ. ಇದರಿಂದ ಗಾಬರಿಯಾಗಬೇಕಿಲ್ಲ. ಹೆಚ್ಚಿನವರಲ್ಲಿ ಈ ಜೋಮು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಕೆಲವರಲ್ಲಿ ಸ್ವಲ್ಪ ಮಟ್ಟಿಗೆ ಶಾಶ್ವತವಾಗಿ ಉಳಿಯುವುದೂ ಉಂಟು. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಅನಂತರ ಏನಾಗುತ್ತದೆ? ಹಲ್ಲುಗಳು ಕೂಡಿದ ಮೇಲೆ ಹಲವರಿಗೆ 'ಸ', 'ಶ' ತಾವಾಗಿಯೇ ಸುಧಾರಿಸುತ್ತವೆ. ಆದರೆ ಎಲ್ಲರಿಗೂ ಹೀಗಾಗುವುದಿಲ್ಲ. ಹದಿನೆಂಟು ಇಪ್ಪತ್ತು ವರ್ಷ ಹಳೆಯ ದವಡೆಗೆ ಹೊಂದಿಕೊಂಡ ನಾಲಗೆ ಹಳೆಯ ರೂಢಿಯನ್ನು ಒಂದೇ ದಿನದಲ್ಲಿ ಬಿಡುವುದಿಲ್ಲ. ಶಸ್ತ್ರಚಿಕಿತ್ಸೆ ನಾಲಗೆಗೆ ಸರಿಯಾದ ಜಾಗವನ್ನು ಕೊಡುತ್ತದೆ. ಆ ಜಾಗದಲ್ಲಿ ಮಾತನಾಡುವುದನ್ನು ಅದು ಕಲಿಯಬೇಕು. ಇಲ್ಲಿಯೇ ವಾಕ್ ಚಿಕಿತ್ಸಕರ ಅಗತ್ಯ ಬೀಳುವುದು. ತೊದಲುವಿಕೆ ಅಥವಾ ಕಿವುಡಿನಿಂದ ಬಂದ ಮಾತಿನ ದೋಷ ಈ ಶಸ್ತ್ರಚಿಕಿತ್ಸೆಯಿಂದ ಹೋಗುವುದಿಲ್ಲ ಎಂಬುದೂ ನೆನಪಿರಲಿ.

ಸೀಳಂಗಳದೊಂದಿಗೆ ಹುಟ್ಟಿದವರ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಬಾಲ್ಯದಲ್ಲಿ ಅಂಗಳವನ್ನು ಹೊಲಿಸಿಕೊಂಡ ಹಲವರಿಗೆ ಮೇಲ್ದವಡೆ ಸಾಕಷ್ಟು ಬೆಳೆಯದೆ ಹಿಂದೆ ಉಳಿಯುತ್ತದೆ. ಅದನ್ನು ಮುಂದಕ್ಕೆ ತಂದಾಗ ಮೆದು ಅಂಗಳವೂ ಮುಂದೆ ಸರಿದು, ಗಂಟಲಿನ ಹಿಂಗೋಡೆಗೂ ಅದಕ್ಕೂ ನಡುವಿನ ಅಂತರ ಹೆಚ್ಚಬಹುದು. ಆಗ ಉಸಿರು ಮೂಗಿನಿಂದ ಸೋರಿ 'ಬ' ಎಂದದ್ದು 'ಮ' ಎಂದೂ, 'ದ' ಎಂದದ್ದು 'ನ' ಎಂದೂ ಕೇಳಿಸುತ್ತದೆ. ಮುಖ ತಿದ್ದಲು ಹೋಗಿ ಮಾತು ಕೆಡಬಾರದು. ಆದ್ದರಿಂದ ಇಂಥವರಲ್ಲಿ ಮೊದಲೇ ಮಾತಿನ ಪರೀಕ್ಷೆ, ಅಗತ್ಯವಿದ್ದರೆ ಮೂಗಿನ ಮೂಲಕ ದುರ್ಬೀನು ಪರೀಕ್ಷೆ ನಡೆಯಲೇಬೇಕು.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಾತಿನ ದೋಷಗಳ ಪರೀಕ್ಷೆ ಮತ್ತು ಚಿಕಿತ್ಸೆ ದೊರೆಯುತ್ತದೆ. ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು ಸೀಳುತುಟಿ, ಸೀಳಂಗಳ ಹಾಗೂ ಮುಖದ ಮೂಳೆಗಳ ಶಸ್ತ್ರಚಿಕಿತ್ಸೆಗೆ ಹೆಸರಾಗಿದೆ. ಸೀಳುತುಟಿ, ಸೀಳಂಗಳ ಇರುವ ಮಕ್ಕಳನ್ನು ಗುರುತಿಸುವ ಕೆಲಸ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿಯೂ ಸೇರಿದೆ. ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಬರುವ ತಂಡದವರನ್ನು ಪಾಲಕರು ಕೇಳಬಹುದು.

ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ವೈದ್ಯರಲ್ಲಿ ಮೂರು ಪ್ರಶ್ನೆ ಕೇಳಿರಿ: ಮಾತಿನ ದೋಷಕ್ಕೆ ದವಡೆಯೇ ಕಾರಣವೇ? ಮಾತು ಕೆಡುವ ಸಂಭವವಿದೆಯೇ? ಅನಂತರ ಮಾತಿನ ತರಬೇತಿ ಎಲ್ಲಿ ಸಿಗುತ್ತದೆ? ಮೊದಲಿನ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಆರು ತಿಂಗಳ ನಂತರದ ಮಾತಿನೊಡನೆ ಹೋಲಿಸಿ ನೋಡಿರಿ. ಎಷ್ಟು ಸುಧಾರಿಸಿದೆ, ಇನ್ನೆಷ್ಟು ಅಭ್ಯಾಸ ಬೇಕು ಎಂಬುದು ಆಗ ನಿಮಗೇ ತಿಳಿಯುತ್ತದೆ.